ಇಂಫಾಲ್ ಮೇನ್, 1944ರ ಮೇ: ಒಂದು ಮಳೆಗಾಲದ ಏರ್‌ಫೀಲ್ಡ್ ಕಟ್ಟಿದ್ದು

ಎರಡನೇ ಮಹಾಯುದ್ಧದ ನಡುವೆ, 1944ರ ಏಪ್ರಿಲ್, ಮೇ ತಿಂಗಳಲ್ಲಿ ಮಣಿಪುರದ ಇಂಫಾಲ್‌ಗೆ ರಸ್ತೆ ಇರಲಿಲ್ಲ. ಮಾರ್ಚ್ ಕೊನೆಯಲ್ಲೇ ಜಪಾನಿ ಸೈನ್ಯ ಕೊಹಿಮಾ ಕಡೆಯ ದಾರಿಯನ್ನು ಕಡಿದಿತ್ತು. ಜೂನ್ 22ಕ್ಕೆ 109ನೇ ಮೈಲಿಗಲ್ಲಿನ ಹತ್ತಿರ ಆ ದಾರಿ ಮತ್ತೆ ತೆರೆಯುವ ತನಕ ಕಣಿವೆಯೊಳಗಿದ್ದ ಸೈನ್ಯಕ್ಕೆ ಅಕ್ಕಿ, ಹಿಟ್ಟು, ಪೆಟ್ರೋಲ್, ಮದ್ದುಗುಂಡು, ಮನೆಯಿಂದ ಬಂದ ಕಾಗದ, ಸಿಗರೇಟು ಎಲ್ಲವೂ ವಿಮಾನದಲ್ಲೇ ಬರಬೇಕಿತ್ತು. ಸುಮಾರು 12,000 ಸೈನಿಕರು ವಿಮಾನದಲ್ಲಿ ಒಳಗೆ ಬಂದರು. ಸುಮಾರು 13,000 ಗಾಯಾಳುಗಳು ಮತ್ತು ರೋಗಿಗಳು ವಿಮಾನದಲ್ಲೇ ಹೊರಗೆ ಹೋದರು. ಇಷ್ಟನ್ನೂ ತಡೆದುಕೊಂಡದ್ದು ಆ ಕಣಿವೆಯ ಆರು ಏರ್‌ಫೀಲ್ಡ್‌ಗಳು: ಇಂಫಾಲ್ ಮೇನ್, ಪಲೇಲ್, ತುಲಿಹಾಲ್, ಕಂಗ್ಲಾ, ವಾಂಗ್‌ಜಿಂಗ್, ಸಪಂ.

ನಾನು ರಸ್ತೆ ಕೆಲಸದವನು. ಸಿವಿಲ್ ಡಿಪ್ಲೊಮಾ ಮುಗಿಸಿದಾಗಿನಿಂದ ಸೈಟ್‌ನಲ್ಲೇ ಇದ್ದೇನೆ. ಹಾಗಾಗಿ ಈ ಮುತ್ತಿಗೆಯ ಬಗ್ಗೆ ಓದುತ್ತಾ ಹೋದಾಗ ನನ್ನನ್ನು ಹಿಡಿದು ನಿಲ್ಲಿಸಿದ್ದು ನೆಲದ ಪ್ರಶ್ನೆ. ಸರಕು ತುಂಬಿದ ಒಂದು ಡಕೋಟಾ ಸಾಗಣೆ ವಿಮಾನ ಹನ್ನೆರಡು ಟನ್ ಹತ್ತಿರ ತೂಗುತ್ತದೆ. ಅಂಥವು ಬೆಳಗಿನಿಂದ ಸಂಜೆ ತನಕ ಇಳಿಯುತ್ತಿವೆ. ಕೆಳಗೆ ಗದ್ದೆ ಬಯಲಿನ ಜೇಡಿಮಣ್ಣು. ಮೇಲೆ ಈಶಾನ್ಯದ ಮಳೆ. ಆ ನೆಲ ಹೇಗೆ ನಿಂತಿತು? ಯಾರು ನಿಲ್ಲಿಸಿದರು? ಈ ಡಯೊರಾಮಾ, ಅಂದರೆ ಹಲಗೆಯ ಮೇಲಿನ ಪುಟ್ಟ ಮಾದರಿ ದೃಶ್ಯ, ಕಟ್ಟಿದ್ದು ಆ ಪ್ರಶ್ನೆಯ ಹಿಂದೆ ಹೋಗಿಯೇ.

ಏರ್‌ಫೀಲ್ಡ್ ಮಾದರಿ ಮಾಡುವವರು ಸಾಮಾನ್ಯವಾಗಿ ಬಿಡಿಭಾಗಗಳ ಕಿಟ್‌ನಿಂದ ಜೋಡಿಸುವ ವಿಮಾನದಿಂದ ಶುರು ಮಾಡುತ್ತಾರೆ. ವಿಮಾನ ಪೂರ್ತಿ ಮುಗಿಸಿ, ಕೊನೆಗೆ ಅದಕ್ಕೊಂದು ಹುಲ್ಲಿನ ಹಲಗೆ ಮಾಡುತ್ತಾರೆ. ತಪ್ಪೇನಿಲ್ಲ, ವಿಮಾನ ಚೆನ್ನಾಗಿ ಕಾಣುತ್ತದೆ. ನನಗೆ ಬೇಕಾಗಿದ್ದದ್ದು ನೆಲ. ಅದಕ್ಕೆ ನೆಲದಿಂದಲೇ ಶುರು ಮಾಡಿದೆ.

ಮೊದಲು ಅಳತೆ ನೋಡಿ. ನಾನು ಆರಿಸಿಕೊಂಡದ್ದು 72ಕ್ಕೆ 1ರ ಪ್ರಮಾಣ. 1,800 ಮೀಟರ್ ಉದ್ದದ ಒಂದು ರನ್‌ವೇ ಈ ಪ್ರಮಾಣದಲ್ಲಿ 25 ಮೀಟರ್ ಆಗುತ್ತದೆ. ಯಾರ ಮನೆಯಲ್ಲೂ ಹಿಡಿಯುವುದಿಲ್ಲ. ಆದ್ದರಿಂದ ಏರ್‌ಫೀಲ್ಡ್ ಡಯೊರಾಮಾ ಅಂದರೆ ಏರ್‌ಫೀಲ್ಡ್‌ನ ಒಂದು ಮೂಲೆ, ಅಷ್ಟೆ. ನನ್ನ ಹಲಗೆ 40 ಸೆಂಟಿಮೀಟರ್ ಉದ್ದ, 30 ಸೆಂಟಿಮೀಟರ್ ಅಗಲ. ನಿಜದ ನೆಲದಲ್ಲಿ ಅದು 28.8 ಮೀಟರ್‌ಗೆ 21.6 ಮೀಟರ್. ಒಂದು ದೊಡ್ಡ ಸೈಟಿನಷ್ಟು ಜಾಗ. ಅದರಲ್ಲಿ ಒಂದು ಹರಿಕೇನ್ ಯುದ್ಧವಿಮಾನ, ಅದರ ಸುತ್ತ ಮಣ್ಣಿನ ದಿಬ್ಬ, ಮುಂದೆ ಟ್ಯಾಕ್ಸಿ ದಾರಿಯ (ವಿಮಾನ ನೆಲದ ಮೇಲೆ ಉರುಳಿ ಹೋಗುವ ದಾರಿ) ಒಂದು ತುಂಡು, ಪಕ್ಕದಲ್ಲಿ ಚರಂಡಿ.

ಹರಿಕೇನನ್ನೇ ಯಾಕೆ ಆರಿಸಿದೆ ಅಂದರೆ, ಆಗ ಇಂಡಿಯನ್ ಏರ್ ಫೋರ್ಸ್‌ನ 1ನೇ ಸ್ಕ್ವಾಡ್ರನ್ ಇಂಫಾಲ್‌ನಲ್ಲಿತ್ತು. ಫೆಬ್ರವರಿಯಲ್ಲಿ ಬಂದವರು ಮುತ್ತಿಗೆಯ ಉದ್ದಕ್ಕೂ ಅಲ್ಲೇ ಇದ್ದರು. ಸ್ಕ್ವಾಡ್ರನ್ ಲೀಡರ್ ಅರ್ಜನ್ ಸಿಂಗ್ ಅದರ ಮುಖ್ಯಸ್ಥರು. ಅವರಿಗೆ ಆ ಏಪ್ರಿಲ್‌ನಲ್ಲಿ 25 ತುಂಬಿತ್ತು. ಮರಗಳ ತಲೆ ಸವರಿಕೊಂಡು ಹಾರುತ್ತಾ, ಕಾಡಿನ ದಾರಿಗಳಲ್ಲಿ ಜಪಾನಿ ತುಕಡಿಗಳು ಎಲ್ಲಿವೆ ಎಂದು ನೋಡಿ ಬರುವುದು ಇವರ ಕೆಲಸ. ಜೋಡಿಯಾಗಿ ಹೋಗುತ್ತಿದ್ದರು. ಒಬ್ಬರು ನೆಲ ನೋಡಿದರೆ, ಇನ್ನೊಬ್ಬರು ಆಕಾಶ ಕಾಯುತ್ತಿದ್ದರು. ಜೂನ್‌ನಲ್ಲಿ ಈ ರಣರಂಗದ ಮಿತ್ರಪಡೆಗಳ ಮುಖ್ಯಸ್ಥ ಮೌಂಟ್‌ಬ್ಯಾಟನ್ ತಾವೇ ಇಂಫಾಲ್‌ಗೆ ಬಂದು ಅರ್ಜನ್ ಸಿಂಗ್ ಅವರ ಎದೆಗೆ ಡಿಎಫ್‌ಸಿ ಎಂಬ ಶೌರ್ಯ ಪದಕ ಚುಚ್ಚಿದರು. ಮುಂದೆ 1947ರ ಆಗಸ್ಟ್ 15ರಂದು ಕೆಂಪುಕೋಟೆಯ ಮೇಲೆ ಹಾರಿದ ವಿಮಾನಗಳ ಮುಂದಾಳು ಇವರೇ. 2002ರಲ್ಲಿ ಮಾರ್ಷಲ್ ಆಫ್ ದಿ ಇಂಡಿಯನ್ ಏರ್ ಫೋರ್ಸ್ ಆದರು. ಆದರೆ ನನ್ನ ಹಲಗೆಯ ಮೇಲೆ ಅವರಿಲ್ಲ. ಪೈಲಟ್‌ಗಳೇ ಇಲ್ಲ. ವಿಮಾನ ಆಗಷ್ಟೇ ಇಳಿದು ಬಂದಿದೆ. ಪೈಲಟ್ ವರದಿ ಕೊಡಲು ಹೋಗಿದ್ದಾರೆ. ಉಳಿದವರು ಕೆಲಸದಲ್ಲಿದ್ದಾರೆ.

ಇದು ಮುಖ್ಯ. ಎಲ್ಲಿ, ಯಾವ ತಿಂಗಳು, ಯಾವ ಹೊತ್ತು, ಅದಕ್ಕೆ ಹತ್ತು ನಿಮಿಷ ಮುಂಚೆ ಏನಾಗಿತ್ತು. ಇಷ್ಟನ್ನು ಮೊದಲು ನಿರ್ಧರಿಸಿಬಿಟ್ಟರೆ ಮುಂದಿನ ಬಹಳಷ್ಟು ಪ್ರಶ್ನೆಗಳಿಗೆ ಉತ್ತರ ತಾನಾಗಿ ಬರುತ್ತದೆ. ನನ್ನ ಉತ್ತರ: ಇಂಫಾಲ್ ಮೇನ್, ಮೇ ತಿಂಗಳ ಒಂದು ಬೆಳಿಗ್ಗೆ, ಮಳೆ ನಿಂತು ಅರ್ಧ ಗಂಟೆಯಾಗಿದೆ, ಮೋಡ ಹೋಗಿಲ್ಲ.

ಈಗ ದಿಬ್ಬ. ಇದಕ್ಕೆ ಬ್ಲಾಸ್ಟ್ ಪೆನ್ ಅನ್ನುತ್ತಾರೆ. ಮೂರು ಕಡೆ ಮಣ್ಣು, ಒಂದು ಕಡೆ ಬಾಯಿ. ಬಾಂಬ್ ಬಿದ್ದಾಗ ಅದರ ಚೂರುಗಳು ಹೆಚ್ಚಾಗಿ ನೆಲದ ಪಕ್ಕದಲ್ಲೇ ಅಡ್ಡಡ್ಡ ಹಾರುತ್ತವೆ. ದಿಬ್ಬ ಅವನ್ನು ನುಂಗುತ್ತದೆ. ನೇರವಾಗಿ ಒಳಗೇ ಬಾಂಬ್ ಬಿದ್ದರೆ ಆ ಒಂದು ವಿಮಾನ ಹೋಗುತ್ತದೆ, ಪಕ್ಕದ ಪೆನ್‌ನಲ್ಲಿರುವುದು ಉಳಿಯುತ್ತದೆ. ಸಾಲಾಗಿ ನಿಲ್ಲಿಸಿದರೆ ಒಂದೇ ಬಾಂಬಿಗೆ ನಾಲ್ಕು ಹೋಗಬಹುದು. ಅದಕ್ಕೇ ಯುದ್ಧಕಾಲದ ಏರ್‌ಫೀಲ್ಡ್‌ನಲ್ಲಿ ವಿಮಾನಗಳನ್ನು ದೂರ ದೂರ ಚದುರಿಸಿ ಇಡುತ್ತಿದ್ದರು.

ದಿಬ್ಬದ ಲೆಕ್ಕ ನನಗೆ ತುಂಬಾ ಖುಷಿ ಕೊಟ್ಟಿತು. ಎಂಟು ಅಡಿ ಎತ್ತರ ಇಟ್ಟುಕೊಂಡೆ. ಮಾದರಿಯಲ್ಲಿ ಅದು 34 ಮಿಲಿಮೀಟರ್. ಸಡಿಲ ಮಣ್ಣು ನೆಟ್ಟಗೆ ನಿಲ್ಲುವುದಿಲ್ಲ. ಒಂದು ಅಡಿ ಎತ್ತರಕ್ಕೆ ಒಂದೂವರೆ ಅಡಿ ಕಾಲು ಚಾಚಬೇಕು. ಎರಡೂ ಮುಖಕ್ಕೆ ಹೀಗೆ ಇಳಿಜಾರು ಕೊಟ್ಟರೆ ಒಂದೊಂದು ದಿಬ್ಬವೇ 11, 12 ಸೆಂಟಿಮೀಟರ್ ತಿನ್ನುತ್ತದೆ. ಹರಿಕೇನ್‌ನ ರೆಕ್ಕೆ 40 ಅಡಿ, ಅಂದರೆ ಮಾದರಿಯಲ್ಲಿ 17 ಸೆಂಟಿಮೀಟರ್. ಎರಡೂ ಬದಿಗೆ ಓಡಾಡಲು ಎರಡೆರಡು ಸೆಂಟಿಮೀಟರ್ ಬಿಟ್ಟರೆ ಒಳಗೆ 21 ಬೇಕು. ಹಲಗೆ ಇರುವುದೇ 40. ಹಿಡಿಸುವುದಿಲ್ಲ ಅಲ್ವಾ? ನಿಜದ ಎಂಜಿನಿಯರ್‌ಗೂ ಇದೇ ಕಷ್ಟ ಬಂದಿರುತ್ತದೆ. ಜಾಗ ಉಳಿಸಲು ಮತ್ತು ವಿಮಾನ ದಿಬ್ಬಕ್ಕೆ ಹತ್ತಿರ ನಿಲ್ಲಲು ಒಳಮುಖವನ್ನು ನೆಟ್ಟಗೆ ಮಾಡಬೇಕು. ಅದಕ್ಕೆ ಮಣ್ಣು ಜಾರದಂತೆ ಏನಾದರೂ ಆಸರೆ ಬೇಕು. ನಾನು ಬಿದಿರು ತಟ್ಟಿ ಮತ್ತು ಗೂಟ ಹಾಕಿದೆ. ಈಗ ಒಂದು ದಿಬ್ಬಕ್ಕೆ ಆರೂವರೆ ಸೆಂಟಿಮೀಟರ್ ಸಾಕಾಯಿತು. ಎರಡು ಬದಿಗೆ 13, ಒಳಗೆ 21, ಒಟ್ಟು 34. ಮಿಕ್ಕ ಆರು ಸೆಂಟಿಮೀಟರ್ ಚರಂಡಿಗೆ.

ತಟ್ಟಿಗೆ ಬಳಸಿದ್ದು ಪೊರಕೆ ಕಡ್ಡಿಯ ಸಿಪ್ಪೆ. ಬಿದಿರು ಸೀಳಿನ ಅಗಲಕ್ಕೆ ಅದೇ ಸರಿ ಹೊಂದಿತು. ಅಡ್ಡ ನೇಯ್ದು, ಪಿವಿಎ ಅಂಟಿನಲ್ಲಿ ಒಣಗಿಸಿ, ಆಮೇಲೆ ಕಂದು ನೀರುಬಣ್ಣ ಹರಿಯಲು ಬಿಟ್ಟೆ. ಮೇಲ್ಭಾಗ ಒಣಗಿದ ಬಣ್ಣ, ಕೆಳಭಾಗ ಕಪ್ಪಾಗಿ ನೆನೆದ ಬಣ್ಣ. ಮಣ್ಣಿಗೆ ತಾಗಿಕೊಂಡ ಬಿದಿರು ಮಳೆಗಾಲದಲ್ಲಿ ಬುಡದಿಂದ ಕಪ್ಪಾಗುತ್ತಾ ಬರುತ್ತದೆ.

ನೆಲದ ಇಳಿಜಾರನ್ನು ಯಾರೂ ಮಾದರಿಯಲ್ಲಿ ಮಾಡುವುದಿಲ್ಲ ಅನ್ನುವುದು ನನಗೆ ಬೇಸರದ ವಿಷಯ. ಎಲ್ಲರ ಏರ್‌ಫೀಲ್ಡೂ ಮೇಜಿನಷ್ಟು ಸಮ. ಆದರೆ ಮಳೆ ಬರುವ ಯಾವ ನೆಲವೂ ಸಮ ಇರಲು ಸಾಧ್ಯವಿಲ್ಲ. ಇದ್ದರೆ ಅದು ಕೆರೆ ಆಗುತ್ತದೆ. ಇಳಿಜಾರಿಗೆ ಪ್ರಮಾಣದ ತಕರಾರೂ ಇಲ್ಲ. 50ಕ್ಕೆ 1 ಅಂದರೆ ನಿಜದಲ್ಲೂ 50ಕ್ಕೆ 1, ಮಾದರಿಯಲ್ಲೂ 50ಕ್ಕೆ 1. ನನ್ನ ಹಲಗೆಯ 40 ಸೆಂಟಿಮೀಟರ್ ಉದ್ದಕ್ಕೆ 8 ಮಿಲಿಮೀಟರ್ ಇಳಿತ. ಎಕ್ಸ್‌ಪಿಎಸ್ ಫೋಮ್ ಹಾಳೆಯನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಹಾಗೆ ಉಜ್ಜಿ ಇಳಿಸಿದೆ. ನೋಡಿದವರಿಗೆ ಇಳಿಜಾರು ಅಂತ ತಿಳಿಯುವುದಿಲ್ಲ. ಆದರೆ ನೀರು ಎಲ್ಲಿ ನಿಂತಿದೆ, ಎಲ್ಲಿ ಹರಿದಿದೆ ಅನ್ನುವುದು ಅದರಿಂದ ನಿರ್ಧಾರವಾಗುತ್ತದೆ. ಆಮೇಲೆ ಕೊಚ್ಚೆ ಗುಂಡಿಗಳನ್ನು ಕಣ್ಣಿಗೆ ಚೆಂದ ಕಂಡಲ್ಲಿ ಸುಮ್ನೆ ಇಡಬೇಕಾಗುವುದಿಲ್ಲ.

ಫೋಮ್ ಮೇಲೆ ಮೂರು ಮಿಲಿಮೀಟರ್ ದಪ್ಪಕ್ಕೆ ಗಾಳಿಗೆ ಒಣಗುವ ಕ್ಲೇ. ಅದು ಹಸಿ ಇರುವಾಗಲೇ ಚಕ್ರದ ಗುರುತು ಒತ್ತಬೇಕು. ಹರಿಕೇನ್‌ನ ಎರಡು ಮುಖ್ಯ ಚಕ್ರಗಳ ನಡುವಿನ ಅಂತರವನ್ನು ಕಿಟ್‌ನಿಂದಲೇ ಅಳೆದು, ಹೆಚ್ಚುವರಿ ಚಕ್ರಗಳನ್ನು ಒಂದು ತಂತಿಗೆ ಪೋಣಿಸಿ ಉರುಳಿಸಿದೆ. ಎರಡು ಗೆರೆಗಳ ನಡುವೆ ಮೂರನೆಯ ಗೆರೆ ಬೇಕು, ಸಣ್ಣದು. ಅದು ಬಾಲದ ಚಕ್ರದ್ದು. ಹೆಚ್ಚಿನ ಮಾದರಿಗಳಲ್ಲಿ ಈ ಮೂರನೆಯ ಗೆರೆ ಇರುವುದಿಲ್ಲ. ವಿಮಾನ ಪೆನ್ ಒಳಗೆ ತಿರುಗುವ ಕಡೆ ಒಳಬದಿಯ ಚಕ್ರ ನಿಂತಲ್ಲೇ ತಿರುಚಿ ನೆಲ ಕಿತ್ತಿರುತ್ತದೆ. ಅಲ್ಲಿ ಕ್ಲೇಯನ್ನು ಸೂಜಿಯಿಂದ ಕೆದಕಿ ಅಂಚು ಎಬ್ಬಿಸಿದೆ. ಹರಿಕೇನ್‌ನ ಕಾಲುಗಳು ಅಗಲ. ಒಳಕ್ಕೆ ಮಡಚಿಕೊಳ್ಳುತ್ತವೆ. ಒರಟು ನೆಲದಲ್ಲಿ ಈ ವಿಮಾನ ನಂಬಿಕೆಗೆ ಅರ್ಹವಾಗಿದ್ದಕ್ಕೆ ಅದೂ ಒಂದು ಕಾರಣ.

ಮಣ್ಣಿನ ಕಣದ ವಿಷಯ ಹೇಳಲೇಬೇಕು. ಒಂದು ಮಿಲಿಮೀಟರ್ ಮರಳು ಕಾಳು ಈ ಪ್ರಮಾಣದಲ್ಲಿ 72 ಮಿಲಿಮೀಟರ್ ಕಲ್ಲು. ನಮ್ಮ ಭಾಷೆಯಲ್ಲಿ ನಲವತ್ತರ ಜಲ್ಲಿಗಿಂತ ದೊಡ್ಡದು. ಅಂಥದ್ದು ಟ್ಯಾಕ್ಸಿ ದಾರಿಯಲ್ಲಿ ಬಿದ್ದಿದ್ದರೆ ಪ್ರೊಪೆಲ್ಲರ್ ಉಳಿಯುವುದಿಲ್ಲ. ಆದ್ದರಿಂದ ಮಣ್ಣನ್ನು ತೆಳು ಬಟ್ಟೆಯಲ್ಲಿ ಸೋಸಿ, ಹಿಟ್ಟಿನಂತಾದ ಭಾಗವನ್ನು ಮಾತ್ರ ಬಳಸಿದೆ. ಬಣ್ಣ ಬೂದುಗಂದು. ಕಣಿವೆ ತಳದ ಗದ್ದೆ ಮಣ್ಣು ಅದು, ಗುಡ್ಡದ ಕೆಂಪು ಮಣ್ಣಲ್ಲ.

ಈಗ ನಾನು ಅತ್ಯಂತ ಪ್ರೀತಿಯಿಂದ ಮಾಡಿದ ಭಾಗಕ್ಕೆ ಬರುತ್ತೇನೆ. ಬಿಥೆಸ್. ಬರ್ಮಾ ರಣರಂಗದ ರಸ್ತೆಗಳಿಗೂ ಏರ್‌ಫೀಲ್ಡ್‌ಗಳಿಗೂ ಬ್ರಿಟಿಷರ ಹದಿನಾಲ್ಕನೇ ಸೈನ್ಯದ ಎಂಜಿನಿಯರ್‌ಗಳು ಬಳಸಿದ ಹೊದಿಕೆ. ಗೋಣಿಬಟ್ಟೆಯನ್ನು ಡಾಂಬರಿನಲ್ಲಿ ಅದ್ದಿ, ಉದ್ದುದ್ದ ಪಟ್ಟಿಗಳಾಗಿ ನೆಲಕ್ಕೆ ಹಾಸುವುದು. ಒಂದರ ಅಂಚಿನ ಮೇಲೆ ಇನ್ನೊಂದು ಬರಬೇಕು. ಕಲ್ಲು ಸಿಗದ, ರೋಲರ್ ಸಾಲದ, ಕಾಂಕ್ರೀಟಿಗೆ ಸಮಯವಿಲ್ಲದ ಕಡೆ ಇದು ಕೆಲಸಕ್ಕೆ ಬಂತು. ಗೋಣಿಗೆ ಕೊರತೆ ಇರಲಿಲ್ಲ, ಸೆಣಬಿನ ಬಂಗಾಳ ಪಕ್ಕದಲ್ಲೇ ಇತ್ತು.

ರಸ್ತೆ ಕೆಲಸದವನಾಗಿ ನನಗೆ ಇದು ಯಾಕೆ ಇಷ್ಟ ಅಂದರೆ, ಈ ಗೋಣಿಗೆ ಭಾರ ಹೊರುವ ಶಕ್ತಿ ಸ್ವಲ್ಪವೂ ಇಲ್ಲ. ಭಾರ ಹೊರುವುದು ಕೆಳಗಿನ ಮಣ್ಣೇ. ಒಣಗಿದ, ಚೆನ್ನಾಗಿ ದಮ್ಮಸ್ಸು ಮಾಡಿದ ಜೇಡಿಮಣ್ಣು ಗಟ್ಟಿ. ಅದೇ ಮಣ್ಣು ನೀರು ಕುಡಿದರೆ ಪಾಯಸ. ಬಿಥೆಸ್ ಮಾಡುವುದು ಇಷ್ಟೇ: ನೀರು ಕೆಳಗಿಳಿಯದಂತೆ ತಡೆದು, ಪಕ್ಕದ ಚರಂಡಿಗೆ ಕಳಿಸುವುದು. ಹಾಗಾಗಿ ಇಳಿಜಾರು ಸರಿ ಇರಬೇಕು, ಚರಂಡಿ ತೆರೆದಿರಬೇಕು, ಗೋಣಿಯಲ್ಲಿ ಎಲ್ಲಾದರೂ ಹರಿದರೆ ಆಗಲೇ ತೇಪೆ ಹಾಕಬೇಕು. ಒಂದು ಕಡೆ ನೀರು ಒಳಗೆ ಹೋಯಿತು ಅಂದರೆ ಮೇಲಿನಿಂದ ನೋಡಿದಾಗ ಏನೂ ಕಾಣುವುದಿಲ್ಲ, ಚಕ್ರ ಬಂದಾಗ ಕುಸಿಯುತ್ತದೆ. ದಿನಾ ಯಾರೋ ಒಬ್ಬರು ಆ ಉದ್ದಕ್ಕೂ ನಡೆದು ನೋಡಲೇಬೇಕಾದ ಕೆಲಸ ಇದು.

ಮಾದರಿಯಲ್ಲಿ ಗೋಣಿಯ ನೇಯ್ಗೆ ತೋರಿಸಬಾರದು. ಎರಡು ಮಿಲಿಮೀಟರ್ ಎಳೆಯನ್ನು 72ರಿಂದ ಭಾಗಿಸಿದರೆ ಕಣ್ಣಿಗೆ ಕಾಣದು. ಕಾಣುವುದು ಪಟ್ಟಿಗಳ ಜೋಡಣೆಯ ಗೆರೆ ಮಾತ್ರ. ಅದಕ್ಕೆ ತೆಳು ಟಿಶ್ಯೂ ಕಾಗದ ತೆಗೆದುಕೊಂಡೆ. ಬಟ್ಟೆಯ ಅಗಲ ಮೂರು ಅಡಿ ಅಂತ ಹಿಡಿದು, 13 ಮಿಲಿಮೀಟರ್ ಅಗಲದ ಪಟ್ಟಿ ಕತ್ತರಿಸಬೇಕಿತ್ತು. ನನ್ನ ಹೆಂಡತಿ ಹೊಲಿಗೆ ಕೆಲಸದವಳು. ಅವಳ ಕತ್ತರಿ ನನ್ನ ಬ್ಲೇಡಿಗಿಂತ ನೇರ ಹೋಗುತ್ತದೆ. ಅವಳು ಕತ್ತರಿಸಿದಳು, ನಾನು ಅಂಟಿಸಿದೆ.

"ರೀ, ಯಾಕೆ ಚರಂಡಿ ಕಡೆಯಿಂದ ಶುರು ಮಾಡ್ತಿದ್ದೀರಿ? ಮೇಲಿನಿಂದ ಬಂದರೆ ಸುಲಭ ಅಲ್ವಾ?" ಅಂದಳು.

"ಕೆಳಗಿನಿಂದ ಬಂದರೆ ಮೇಲಿನ ಪಟ್ಟಿಯ ಅಂಚು ಕೆಳಗಿನದರ ಮೇಲೆ ಬರುತ್ತೆ. ನೀರು ಹಾಗೇ ಜಾರಿ ಹೋಗುತ್ತೆ. ಮೇಲಿನಿಂದ ಬಂದರೆ ಪ್ರತಿ ಜೋಡಣೆಯಲ್ಲೂ ನೀರಿಗೆ ಬಾಗಿಲು ತೆರೆದ ಹಾಗೆ."

"ಹೆಂಚು ಹೊದಿಸಿದ ಹಾಗೆ ಅನ್ನಿ," ಅಂದಳು. ಸರಿಯಾಗಿ ಹೇಳಿದಳು. ಅಲ್ಲಿಂದ ಮುಂದೆ ಪಟ್ಟಿಗಳನ್ನು ಅವಳೇ ಜೋಡಿಸಿದಳು. ಎರಡು ಕಡೆ ಚೌಕದ ತೇಪೆ ಹಾಕಿದ್ದೂ ಅವಳೇ. ಬಣ್ಣಕ್ಕೆ ಅಚ್ಚ ಕಪ್ಪು ಹಾಕಲಿಲ್ಲ. ಬಿಸಿಲು ಮಳೆಗೆ ಸಿಕ್ಕ ಡಾಂಬರು ಬೂದುಗಪ್ಪು. ತೇಪೆಗಳು ಮಾತ್ರ ಕಡುಗಪ್ಪು, ಯಾಕೆಂದರೆ ಅವು ಹೊಸವು.

ಯುದ್ಧಕಾಲದ ಏರ್‌ಫೀಲ್ಡ್ ಅಂದ ಕೂಡಲೇ ಎಲ್ಲರೂ ತೂತಿನ ಉಕ್ಕಿನ ಹಾಳೆ ಹಾಕುತ್ತಾರೆ. ಅದು ಅಮೆರಿಕದ್ದು. ಒಂದೊಂದು ಹಾಳೆ 10 ಅಡಿ ಉದ್ದ, 15 ಇಂಚು ಅಗಲ, 66 ಪೌಂಡ್ ತೂಕ, 87 ತೂತು. ಒಳ್ಳೆಯ ವಸ್ತು, ನನಗೂ ಅದರ ಮೇಲೆ ಗೌರವ ಇದೆ. ಆದರೆ ಹಲಗೆಯ ಮೇಲೆ ಅದು ಬಂದರೆ ಇಡೀ ಪೆಸಿಫಿಕ್ ದ್ವೀಪಗಳ ನೆನಪು ಬರುತ್ತದೆ. ನನಗೆ ಇಂಫಾಲ್ ಬೇಕಿತ್ತು.

ವಿಮಾನಕ್ಕೆ ಬರೋಣ. ಅರ್ಮಾ ಹಾಬಿಯ 72ಕ್ಕೆ 1ರ ಹರಿಕೇನ್ ಟು-ಸಿ. ಕಿಟ್ ಚೆನ್ನಾಗಿದೆ, ಜೋಡಿಸುವುದರ ಬಗ್ಗೆ ಹೇಳುವಂಥದ್ದು ಹೆಚ್ಚಿಲ್ಲ. ಮೂತಿಯ ಕೆಳಗೆ ದೊಡ್ಡ ವೋಕ್ಸ್ ಧೂಳು ಫಿಲ್ಟರ್ ಇರಬೇಕು. ಮೇಲೆ ಕಡುಹಸಿರು ಮತ್ತು ಕಂದು, ಕೆಳಗೆ ಬೂದು. ವೃತ್ತದ ಗುರುತಿನಲ್ಲಿ ಕೆಂಪು ಇರಬಾರದು. ಜಪಾನಿ ವಿಮಾನಗಳ ಕೆಂಪು ಸೂರ್ಯನ ಜೊತೆ ಗೊಂದಲ ಆಗದಿರಲಿ ಅಂತ ಈ ರಣರಂಗದಲ್ಲಿ ಕೆಂಪನ್ನೇ ತೆಗೆದುಬಿಟ್ಟಿದ್ದರು. ಕಡುನೀಲಿ, ಅದರೊಳಗೆ ತಿಳಿನೀಲಿ, ಅಷ್ಟೆ. ರೆಕ್ಕೆ ಮತ್ತು ಬಾಲದ ಮೇಲೆ ಅಗಲ ಬಿಳಿ ಪಟ್ಟಿ ಹಾಕುವ ಆಸೆ ಬರುತ್ತದೆ, ನೋಡಲು ಚೆಂದ. ಆ ಪಟ್ಟಿಗಳು ಬಂದದ್ದು ಆಮೇಲೆ. ಮೇ 1944ರ ವಿಮಾನಕ್ಕೆ ಬೇಡ.

ಬಣ್ಣ ಸವೆದಿರುವುದನ್ನು ತೋರಿಸುವಾಗ ಹರಿಕೇನ್‌ಗೆ ಒಂದು ವಿಶೇಷ ಇದೆ. ಕಾಕ್‌ಪಿಟ್ ಹಿಂದಿನ ಮೈ ಲೋಹದ್ದಲ್ಲ. ಒಳಗೆ ಉಕ್ಕಿನ ಕೊಳವೆ, ಅದರ ಮೇಲೆ ಮರದ ಪಟ್ಟಿ, ಅದರ ಮೇಲೆ ಬಟ್ಟೆ. ಅಲ್ಲಿ ಬೆಳ್ಳಿ ಬಣ್ಣದ ಸಿಪ್ಪೆ ಎದ್ದ ಗುರುತು ಹಾಕುವ ಹಾಗೇ ಇಲ್ಲ. ಬಟ್ಟೆ ಕೊಳೆಯಾಗುತ್ತದೆ, ಮಾಸುತ್ತದೆ, ತೇಪೆ ಹಾಕಿಸಿಕೊಳ್ಳುತ್ತದೆ. ಬೆಳ್ಳಿ ಗುರುತು ಎಂಜಿನ್ ಮುಚ್ಚಳದ ಅಂಚಿಗೆ, ಪೈಲಟ್ ಕಾಲಿಟ್ಟು ಹತ್ತುವ ರೆಕ್ಕೆಯ ಬುಡಕ್ಕೆ ಮಾತ್ರ. ಮೂರು ಚೌಕದ ತೇಪೆಗಳನ್ನು ಬಟ್ಟೆಯ ಭಾಗಕ್ಕೆ ಹಾಕಿದೆ. ಅವುಗಳ ಬಣ್ಣ ಸುತ್ತಲಿನದಕ್ಕಿಂತ ಕೊಂಚ ಹೊಸದು. ಕೆಸರು ಚಕ್ರಗಳಿಂದ ಹಿಂದಕ್ಕೆ ಹಾರಿ ರೆಕ್ಕೆಯ ಕೆಳಮುಖಕ್ಕೂ ಬಾಲದ ಮುಂದಿನ ಅಂಚಿಗೂ ಬಡಿದಿರುತ್ತದೆ. ಅದನ್ನು ಬ್ರಷ್ ಕೂದಲನ್ನು ಬೆರಳಿನಿಂದ ಚಿಮ್ಮಿಸಿ ಮಾಡಿದೆ.

ಮೋಡದ ಬೆಳಕು ಅಂತ ನಿರ್ಧರಿಸಿದ್ದರಿಂದ ಇನ್ನೊಂದು ಅನುಕೂಲ ಆಯಿತು. ನೆರಳು ಬಿಡಿಸುವ ಕೆಲಸ ಕಡಿಮೆ. ಬಿಸಿಲಿಲ್ಲದ ದಿನ ನೆರಳಿಗೆ ಅಂಚಿರುವುದಿಲ್ಲ. ರೆಕ್ಕೆಯ ಕೆಳಗೆ ಸುಮ್ನೆ ಒಂದಿಷ್ಟು ಮಬ್ಬು. ಹೊಳಪು ಮಾತ್ರ ಜಾಸ್ತಿ ಬೇಕು, ಏಕೆಂದರೆ ಎಲ್ಲವೂ ಒದ್ದೆ. ಆದರೆ ಎಲ್ಲವೂ ಒಂದೇ ಥರ ಒದ್ದೆ ಇರುವುದಿಲ್ಲ. ಡಾಂಬರಿನ ಮೇಲೆ ನೀರು ಕನ್ನಡಿ. ಮಣ್ಣಿನ ಮೇಲೆ ಬಣ್ಣ ಕಪ್ಪಾಗುತ್ತದೆ, ಹೊಳಪು ಕಡಿಮೆ. ಗುಂಡಿಯಲ್ಲಿ ನಿಂತ ನೀರು ಕದಡಿದ ಕಂದು, ಪಾರದರ್ಶಕ ಅಲ್ಲ. ಪಾರದರ್ಶಕ ರೆಸಿನ್‌ಗೆ ಕೊಂಚ ಮಣ್ಣಿನ ಬಣ್ಣ ಬೆರೆಸಿ ಸುರಿದೆ. ಒಂದು ಗುಂಡಿಯಲ್ಲಿ ಪೆಟ್ರೋಲ್ ಹನಿಯ ಬಣ್ಣಬಣ್ಣದ ಪೊರೆ ತೋರಿಸಲು ನೀಲಿ, ನೇರಳೆ ಮುತ್ತಿನ ಬಣ್ಣವನ್ನು ತುಂಬಾ ತೆಳುವಾಗಿ ಸವರಿದೆ. ಹುಲ್ಲಿಗೆ 4 ಮಿಲಿಮೀಟರ್ ಎಳೆ, ನಿಜದ ಲೆಕ್ಕದಲ್ಲಿ ಒಂದಡಿಯಷ್ಟು. ಮುತ್ತಿಗೆಯ ನಡುವೆ ದಿಬ್ಬದ ಹಿಂದಿನ ಹುಲ್ಲು ಕೊಯ್ಯಲು ಯಾರಿಗೂ ಬಿಡುವಿರಲಾರದು.

ಪೆಟ್ರೋಲ್ ಪೀಪಾಯಿಗಳ ಲೆಕ್ಕ ನನ್ನ ಮಗಳಿಂದ ಶುರುವಾಯಿತು. "ಅಪ್ಪ, ಎಷ್ಟು ಡ್ರಮ್ ಇಡ್ತೀಯ? ತುಂಬಾ ಇಟ್ರೆ ಚೆನ್ನಾಗಿ ಕಾಣುತ್ತೆ" ಅಂದಳು. ಇಬ್ಬರೂ ಕೂತು ಲೆಕ್ಕ ಹಾಕಿದೆವು. ಹರಿಕೇನ್‌ನ ಎರಡು ರೆಕ್ಕೆ ಟ್ಯಾಂಕ್ ತಲಾ 33 ಗ್ಯಾಲನ್, ಎಂಜಿನ್ ಹಿಂದಿನ ಮೀಸಲು ಟ್ಯಾಂಕ್ 28. ಒಟ್ಟು 94. ದೊಡ್ಡ ಪೀಪಾಯಿಗೆ 44 ಗ್ಯಾಲನ್. ಪೂರ್ತಿ ಖಾಲಿಯಾಗಿ ಬಂದರೂ ಎರಡು ಪೀಪಾಯಿ ಮತ್ತು ಮೂರನೆಯದರಲ್ಲಿ ಆರು ಗ್ಯಾಲನ್ ಸಾಕು. ಹಾಗಾಗಿ ಮೂರೇ ಪೀಪಾಯಿ. ಆ ಒಂದೊಂದು ಪೀಪಾಯಿಯನ್ನೂ ಡಕೋಟಾ ಹೊತ್ತು ಗುಡ್ಡ ದಾಟಿ ತಂದಿದೆ. ರಾಶಿ ಹಾಕಿ ಬಿಡುವ ವಸ್ತು ಅಲ್ಲ ಅದು, ಅದೂ ವಿಮಾನದ ಪಕ್ಕದಲ್ಲಿ. ಮಗಳು ಒಪ್ಪಿದಳು. ಮೂರನೆಯದರ ಮೇಲೆ ಸೀಮೆಸುಣ್ಣದ ಗುರುತು ಹಾಕಬೇಕು, ಅದರಲ್ಲಿ ಇನ್ನೂ ಬಹಳ ಉಳಿಯುತ್ತೆ ಅಂತ ತಾನೇ ಬರೆದಳು. ಎಂಟು ಮಿಲಿಮೀಟರ್ ಕೊಳವೆಯ ತುಂಡುಗಳು ಅವು, ಎತ್ತರ 12. ನಡುವೆ ಎರಡು ಉಬ್ಬು ಉಂಗುರ ತೆಳು ತಂತಿಯಿಂದ.

ರೆಕ್ಕೆಯ ಮೇಲೆ ಕೂತ ಒಬ್ಬ ಏರ್‌ಮನ್ ದೊಡ್ಡ ಆಲಿಕೆ ಹಿಡಿದಿದ್ದಾನೆ. ಆಲಿಕೆಯೊಳಗೆ ಮೆತ್ತನೆ ಚರ್ಮದ ತುಂಡು. ಪೆಟ್ರೋಲ್ ಅದರ ಮೂಲಕ ಇಳಿಯುತ್ತದೆ, ನೀರು ಮೇಲೇ ಉಳಿಯುತ್ತದೆ. ಮಳೆಗಾಲದಲ್ಲಿ ಪೀಪಾಯಿಯಿಂದ ತುಂಬಿಸುವಾಗ ಇದಿಲ್ಲದೆ ಆಗದು. ಗುಡ್ಡದ ಮೇಲೆ ಹಾರುವಾಗ ಕಾರ್ಬ್ಯುರೇಟರ್‌ಗೆ ನೀರು ಬಂದರೆ ಪೈಲಟ್‌ಗೆ ಇಳಿಯಲು ಜಾಗ ಇಲ್ಲ. ಕೆಳಗೆ ಇನ್ನೊಬ್ಬ ಕೈಪಂಪು ತಿರುಗಿಸುತ್ತಿದ್ದಾನೆ. ಮೂರನೆಯವನು ರಿಗ್ಗರ್, ವಿಮಾನದ ಮೈ ರಿಪೇರಿ ನೋಡುವವನು. ಬಾಲದ ಹತ್ತಿರ ಬಟ್ಟೆಯ ತೇಪೆಯೊಂದನ್ನು ಬೆರಳಿನಿಂದ ಒತ್ತಿ ನೋಡುತ್ತಿದ್ದಾನೆ.

ಕಿಟ್ ಕಂಪನಿಗಳ ಆರ್‌ಎಎಫ್ ಮಂದಿ ನೇರವಾಗಿ ಬಳಸಲು ಬರುವುದಿಲ್ಲ. ಅವರೆಲ್ಲ 1940ರ ಇಂಗ್ಲೆಂಡಿನ ಉಡುಪಿನಲ್ಲಿ, ಉದ್ದ ತೋಳು, ಟೋಪಿ, ಬೂಟು ಹಾಕಿದವರು. ಒಬ್ಬನ ಎತ್ತರ 23 ಮಿಲಿಮೀಟರ್. ತೋಳು ಕತ್ತರಿಸಿ ಬರಿಗೈ ಮಾಡಿದೆ. ಪ್ಯಾಂಟ್ ಕೆರೆದು ಚಡ್ಡಿ ಮಾಡಿದೆ. ಒಬ್ಬನಿಗೆ ಎಪಾಕ್ಸಿ ಪುಟ್ಟಿಯ ಎಳೆ ಸುತ್ತಿ ಪೇಟ ಕಟ್ಟಿದೆ. ಪೇಟದ ಮಡಿಕೆಗಳು ಹಣೆಯ ಮೇಲೆ ಕೂಡುವ ಕೋನ ಸರಿ ಬರುವ ತನಕ ಬಿಡಲಿಲ್ಲ. ಅಂಥ ಪೇಟ ಕಟ್ಟಿದವರು ಇವತ್ತೂ ನಮ್ಮ ನಡುವೆ ಇದ್ದಾರೆ. ಅವರು ನೋಡಿದಾಗ ಸರಿ ಅನ್ನಿಸಬೇಕು.

ಮಿಕ್ಕ ಇಬ್ಬರು ಚರಂಡಿಯಲ್ಲಿದ್ದಾರೆ. ಸ್ಯಾಪರ್‌ಗಳು, ಅಂದರೆ ಸೈನ್ಯದ ಎಂಜಿನಿಯರಿಂಗ್ ಪಡೆಯವರು. ಒಬ್ಬ ಸಲಿಕೆಯಲ್ಲಿ ಹೂಳು ಎತ್ತುತ್ತಿದ್ದಾನೆ, ಇನ್ನೊಬ್ಬ ಮಂಕರಿ ಹಿಡಿದು ನಿಂತಿದ್ದಾನೆ. ಬೆಂಗಳೂರಿನಲ್ಲಿ ನೆಲೆಯಿರುವ ಮದ್ರಾಸ್ ಸ್ಯಾಪರ್ಸ್‌ನ ತುಕಡಿಗಳು ಆ ಬರ್ಮಾ ಯುದ್ಧದಲ್ಲಿ ರಸ್ತೆ, ಸೇತುವೆ ಕಟ್ಟಿದ್ದವು. ಹದಿನಾಲ್ಕನೇ ಸೈನ್ಯದ ಚಿತ್ರಗಳಲ್ಲಿ ಜನ ಟ್ಯಾಂಕ್ ನೋಡುತ್ತಾರೆ, ವಿಮಾನ ನೋಡುತ್ತಾರೆ. ನಾನು ಅಂಚಿನಲ್ಲಿ ಸಲಿಕೆ ಹಿಡಿದವರನ್ನು ನೋಡುತ್ತೇನೆ. ಇಂಫಾಲ್‌ನಲ್ಲಿ ಆ ಮೇ, ಜೂನ್ ತಿಂಗಳುಗಳಲ್ಲಿ ಒಂದು ಚರಂಡಿ ಕಟ್ಟಿಕೊಂಡರೆ ಟ್ಯಾಕ್ಸಿ ದಾರಿ ಮೆತ್ತಗಾಗುತ್ತದೆ, ವಿಮಾನ ಹೂತುಹೋಗುತ್ತದೆ, ಬೆಳಗಿನ ಹಾರಾಟ ನಿಲ್ಲುತ್ತದೆ, ಕಾಡಿನಲ್ಲಿ ಶತ್ರು ಎಲ್ಲಿದ್ದಾನೆ ಅಂತ ಆ ದಿನ ಗೊತ್ತಾಗುವುದಿಲ್ಲ. ನನ್ನ ಹಲಗೆಯಲ್ಲಿ ಈ ಇಬ್ಬರನ್ನು ಎಲ್ಲರಿಗಿಂತ ಮುಂದೆ, ನೋಡುವವರ ಕಣ್ಣಿಗೆ ಮೊದಲು ಬೀಳುವ ಮೂಲೆಯಲ್ಲಿ ಇಟ್ಟಿದ್ದೇನೆ. ಅವರ ಮುಖಗಳಿಗೆ ಬಣ್ಣ ಹಚ್ಚಲು ವಿಮಾನದ ಇಡೀ ಮೂತಿಗಿಂತ ಜಾಸ್ತಿ ಹೊತ್ತು ಹಿಡಿಯಿತು.

ಹಿಂದಿನ ಗುಡ್ಡಗಳನ್ನು ಹಾಕಲಿಲ್ಲ. ಇಂಫಾಲ್ ಕಣಿವೆಯ ಸುತ್ತ ಗುಡ್ಡಗಳಿವೆ, ಅದು ನಿಜ. ಆದರೆ ಮಳೆಗಾಲದ ಮೋಡ ಇಳಿದಾಗ ಅವು ಕಾಣದಿರುವುದೂ ಅಷ್ಟೇ ನಿಜ. ಹಲಗೆಯ ಹಿಂದೆ ತಿಳಿಬೂದು ಬಣ್ಣದ ಒಂದು ಹಾಳೆ ಮಾತ್ರ ನಿಲ್ಲಿಸಿದ್ದೇನೆ. ಗುಂಡಿಯ ನೀರಿನಲ್ಲಿ ಅದರದ್ದೇ ಬಣ್ಣ ಬೀಳುತ್ತದೆ.

ಇಂಫಾಲ್ ಮೇನ್‌ಗೆ ಈಗ ಕೊಯಿರೆಂಗೈ ಅನ್ನುತ್ತಾರೆ. ಪ್ರಯಾಣಿಕರ ವಿಮಾನಗಳು ಇಳಿಯುವುದು ತುಲಿಹಾಲ್‌ನಲ್ಲಿ, ಅದೂ ಆ ಆರರಲ್ಲಿ ಒಂದು. ಈಗ ಇಂಫಾಲ್‌ಗೆ ಹಾರಿ ಹೋಗುವ ಯಾರೇ ಆದರೂ ಕಾಲಿಡುವುದು ಆ ಮುತ್ತಿಗೆಯ ನೆಲದ ಮೇಲೇ.

ಮುಂದಿನದು ಡಕೋಟಾ. ರೆಕ್ಕೆ 95 ಅಡಿ, ಮಾದರಿಯಲ್ಲಿ 40 ಸೆಂಟಿಮೀಟರ್, ಅಂದರೆ ರೆಕ್ಕೆಯೊಂದೇ ಈಗಿನ ಹಲಗೆಯಷ್ಟು ಉದ್ದ. ಇಡೀ ವಿಮಾನ ಇಡುವ ಯೋಚನೆ ಇಲ್ಲ. ಹಿಂಭಾಗ, ಎಡಗಡೆಯ ದೊಡ್ಡ ಸರಕು ಬಾಗಿಲು, ಅದಕ್ಕೆ ಹಿಂದುಹಿಂದಾಗಿ ನಿಂತ ಒಂದು ಲಾರಿ ಇಷ್ಟನ್ನು ಮಾತ್ರ ಹಲಗೆಯ ಒಳಗೆ ತಂದು, ಮಿಕ್ಕದ್ದನ್ನು ಅಂಚಿನಲ್ಲಿ ಕತ್ತರಿಸುತ್ತೇನೆ. ಒಂದು ಕಡೆ ಪೀಪಾಯಿ ಇಳಿಯುತ್ತಿರುತ್ತದೆ, ಇನ್ನೊಂದು ಕಡೆ ಸ್ಟ್ರೆಚರ್‌ಗಳು ಕಾಯುತ್ತಿರುತ್ತವೆ. ಹನ್ನೆರಡು ಟನ್ ವಿಮಾನದ ಚಕ್ರದ ಕೆಳಗೆ ನೆಲ ಎಷ್ಟು ತಗ್ಗಬೇಕು ಅನ್ನುವ ಲೆಕ್ಕ ಈಗಾಗಲೇ ಶುರು ಮಾಡಿದ್ದೇನೆ. ಮಗಳು ಸ್ಟ್ರೆಚರ್‌ಗೆ ಬಿದಿರಿನ ಕೋಲು ಹುಡುಕುತ್ತಿದ್ದಾಳೆ.